ಸುಳ್ಳ ಯಾರು, ಹರಿಶ್ಚಂದ್ರ ಯಾರು: ಪಜಲ್ ಬಿಡಿಸೋದು ಹೇಗೆ

ನಮ್ಮಕ್ಕನ ಮಗ ಮೊನ್ನೆ ಒಂದು ಪಜಲ್ ಹಿಡ್ಕೊಂಡು ಬಂದು ‘ಮಾಮ, ಇದು ಪ್ರಿಂಟ್ ಮಿಸ್ಟೇಕು, ಉತ್ತರಾನೇ ಬರಲ್ಲ’ ಅಂದ. ಪ್ರಿಂಟ್ ಸರಿಯಾಗೇ ಇತ್ತು. ಅವನು ಜಾರಿದ್ದು ಎಲ್ರೂ ಜಾರೋ ಜಾಗದಲ್ಲೇ, ಅದಕ್ಕೇ ಇದನ್ನ ಬರೀತಿದೀನಿ.

ಗೊತ್ತಿಲ್ಲದೋರಿಗೆ: ಒಂದು ದ್ವೀಪ, ಅಲ್ಲಿ ಎರಡೇ ಥರದ ಜನ, ಒಂದು ಥರದೋರು ಯಾವಾಗ್ಲೂ ನಿಜಾನೇ ಹೇಳ್ತಾರೆ, ಇನ್ನೊಂದು ಥರದೋರು ಯಾವಾಗ್ಲೂ ಸುಳ್ಳೇ. ಅಮೆರಿಕದ ತರ್ಕಶಾಸ್ತ್ರಜ್ಞ ರೇಮಂಡ್ ಸ್ಮುಲ್ಯನ್ 1978ರ ಪುಸ್ತಕದಲ್ಲಿ ಇವರಿಗೆ ನೈಟ್, ನೇವ್ ಅಂತ ಹೆಸರಿಟ್ಟ, ನಾವು ಹರಿಶ್ಚಂದ್ರ, ಸುಳ್ಳ ಅಂತ ಇಟ್ಕೊಳೋಣ.

ಮೊದಲು ಪ್ರಶ್ನೇಲಿ ‘ಯಾವಾಗ್ಲೂ’ ಅನ್ನೋ ಪದ ಇದ್ಯಾ ನೋಡಿ. ವಾಟ್ಸಾಪ್ ಫಾರ್ವರ್ಡಲ್ಲಿ ಅರ್ಧಕ್ಕರ್ಧ ಆ ಪದಾನೇ ಬಿಟ್ಟಿರ್ತಾರೆ, ಅಂಥದ್ದಕ್ಕೆ ತಲೆ ಕೆಡಿಸ್ಕೊಬೇಡಿ, ಡಿಲೀಟ್ ಮಾಡಿ.

ಆಮೇಲೆ ಪೆನ್ಸಿಲ್, ಹಾಳೆ. ಇಬ್ಬರಿದ್ರೆ 4 ಸಾಧ್ಯತೆ, ಮೂವರಿದ್ರೆ 8, ನಾಲ್ವರಿದ್ರೆ 16. ಹ, ಸು ಅಂತ ಬರ್ಕೊಳ್ಳಿ ಸಾಕು. ತಲೇಲೇ ಮಾಡ್ತೀನಿ ಅನ್ನೋರು ಮೂರನೇ ಮನುಷ್ಯ ಬಂದ ತಕ್ಷಣ ಕಳೆದುಹೋಗ್ತಾರೆ.

ಈಗ ಅಸಲಿ ಕಷ್ಟ. ನಮ್ಮ ಹುಡುಗನ ಪಜಲ್ ಇದು:

ಅಪ್ಪಣ್ಣ: ‘ಬಸಣ್ಣ, ಚೆನ್ನಣ್ಣ ಇಬ್ರೂ ಹರಿಶ್ಚಂದ್ರರೇ.’
ಬಸಣ್ಣ: ‘ಅಪ್ಪಣ್ಣ ಸುಳ್ಳ.’
ಚೆನ್ನಣ್ಣ: ‘ಅಪ್ಪಣ್ಣ, ಬಸಣ್ಣ ಇಬ್ರೂ ಒಂದೇ ಥರದೋರು.’

ಅಪ್ಪಣ್ಣ ಹರಿಶ್ಚಂದ್ರ ಅಂದ್ಕೊಳ್ಳಿ. ಹಾಗಾದ್ರೆ ಬಸಣ್ಣನೂ ಹರಿಶ್ಚಂದ್ರ ಆಗ್ಬೇಕು, ಆದ್ರೆ ಬಸಣ್ಣ ‘ಅಪ್ಪಣ್ಣ ಸುಳ್ಳ’ ಅಂತಿದಾನೆ, ಆಗಲ್ಲ. ಸೋ ಅಪ್ಪಣ್ಣ ಸುಳ್ಳ. ಇಲ್ಲೀವರೆಗೆ ಹುಡುಗನೂ ಸರಿಯಾಗೇ ಬಂದಿದ್ದ. ಆಮೇಲೆ ಅವನು ಮಾಡಿದ್ದು ಏನಪ್ಪಾ ಅಂದ್ರೆ, ‘ಇಬ್ರೂ ಹರಿಶ್ಚಂದ್ರರು ಅನ್ನೋದು ಸುಳ್ಳು, ಅಂದ್ಮೇಲೆ ಇಬ್ರೂ ಸುಳ್ಳರು’ ಅಂತ ಬರ್ಕೊಂಡ. ಆದ್ರೆ ಬಸಣ್ಣ ಹೇಳಿದ್ದು ನಿಜ ಆಗ್ಬಿಟ್ಟಿದೆ, ಅವನು ಸುಳ್ಳ ಆಗೋಕಾಗಲ್ಲ. ಅಲ್ಲಿಗೆ ಪ್ರಿಂಟ್ ಮಿಸ್ಟೇಕು!

‘ಇಬ್ರೂ ಹರಿಶ್ಚಂದ್ರರು’ ಅನ್ನೋ ಮಾತು ಸುಳ್ಳಾಗೋಕೆ ಇಬ್ರೂ ಕೆಡಬೇಕಿಲ್ಲ, ಒಬ್ಬ ಕೆಟ್ರೆ ಸಾಕು. ‘ಎರಡು ಇಡ್ಲೀನೂ ಬೆಂದಿದೆ’ ಅಂತ ಹೋಟ್ಲೋನು ಹೇಳಿ, ಒಂದು ಹಸಿಹಸಿ ಇದ್ರೆ ಅವನು ಸುಳ್ಳು ಹೇಳ್ದ ಹಾಗೇ ತಾನೆ? ಅಷ್ಟೇ. ಬಸಣ್ಣ ಹರಿಶ್ಚಂದ್ರ, ಅಪ್ಪಣ್ಣನೂ ಬಸಣ್ಣನೂ ಬೇರೆ ಬೇರೆ ಥರ ಆದ್ರಿಂದ ಚೆನ್ನಣ್ಣ ಸುಳ್ಳ, ಅಪ್ಪಣ್ಣನ ಮಾತು ಚೆನ್ನಣ್ಣನಿಂದಾಗಿ ಸುಳ್ಳಾಯ್ತು. ಮುಗೀತು.

ಕನ್ನಡದಲ್ಲಿ ಮಾಡೋರಿಗೆ ಇನ್ನೊಂದು ಎಕ್ಸ್‌ಟ್ರಾ ಗುಂಡಿ ಇದೆ. ‘ಎಲ್ರೂ ಬಂದಿಲ್ಲ’ ಅಂದ್ರೆ ಕೆಲವರು ಬಂದಿಲ್ಲ ಅಂತಾನಾ, ಯಾರೂ ಬಂದಿಲ್ಲ ಅಂತಾನಾ? ನಾವು ಎರಡಕ್ಕೂ ಬಳಸ್ತೀವಿ. ಅದಕ್ಕೇ ಸುಳ್ಳನ ಮಾತನ್ನ ತಿರುಗಿಸುವಾಗ ವಾಕ್ಯದ ಬಾಲಕ್ಕೆ ‘ಇಲ್ಲ’, ‘ಅಲ್ಲ’ ಅಂಟಿಸ್ಲೇಬೇಡಿ. ಅವನ ಮಾತನ್ನ ಹಾಗೇ ಇಟ್ಟು, ಹೊರಗಡೆಯಿಂದ ‘ಅನ್ನೋದು ಸುಳ್ಳು’ ಅಂತ ಸೇರಿಸಿ, ಆಮೇಲೆ ಅದು ಯಾವ ಯಾವ ರೀತೀಲಿ ಸುಳ್ಳಾಗ್ಬೋದು ಅಂತ ಒಂದೊಂದೇ ಬರ್ಕೊಳ್ಳಿ. ‘ಒಬ್ಬನಾದ್ರೂ’ ಅಂದಿದ್ರೆ ಉಲ್ಟಾ ‘ಒಬ್ಬನೂ ಅಲ್ಲ’. ‘ಒಬ್ಬನೇ’ ಅಂದಿದ್ರೆ ಸೊನ್ನೆನೂ ಆಗ್ಬೋದು, ಇಬ್ರೋ ಮೂವರೋ ಆಗ್ಬೋದು, ಈ ಸೊನ್ನೆ ಮರೆಯೋರೇ ಜಾಸ್ತಿ. ‘ಹೀಗಾದ್ರೆ ಹಾಗೆ’ ಅನ್ನೋ ಮಾತು ಸುಳ್ಳಾಗೋದು ಒಂದೇ ರೀತೀಲಿ, ‘ಹೀಗೆ’ ಆಗಿ ‘ಹಾಗೆ’ ಆಗದಿದ್ದಾಗ ಮಾತ್ರ.

ಶಾರ್ಟ್‌ಕಟ್ ಬೇಕೇ ಬೇಕು ಅನ್ನೋರಿಗೆ, ನಾನು ಒಪ್ಪೋದು ಇಷ್ಟೇ. ಒಬ್ಬ ಇನ್ನೊಬ್ಬನಿಗೆ ‘ಅವ್ನು ಸುಳ್ಳ’ ಅಂದ್ರೆ ಇಬ್ರೂ ಬೇರೆ ಬೇರೆ ಥರ, ‘ಅವ್ನು ಹರಿಶ್ಚಂದ್ರ’ ಅಂದ್ರೆ ಇಬ್ರೂ ಒಂದೇ ಥರ. ‘ನಾನು ಸುಳ್ಳ’ ಅಂತ ಆ ದ್ವೀಪದಲ್ಲಿ ಯಾರೂ ಹೇಳೋಕಾಗಲ್ಲ, ಹರಿಶ್ಚಂದ್ರ ಹೇಳಿದ್ರೆ ಸುಳ್ಳಾಗತ್ತೆ, ಸುಳ್ಳ ಹೇಳಿದ್ರೆ ನಿಜ ಆಗತ್ತೆ. ಹಿಂಟ್ ಬಟನ್ ಇರೋ ಆ್ಯಪ್‌ಗಳು ದಂಡ, ಎರಡು ಸಲ ಒತ್ತಿದ್ರೆ ಉತ್ತರಾನೇ ಉಗುಳ್ತವೆ.

ಎರಡು ಬಾಗಿಲಿನ ಪಜಲಲ್ಲಿ (ಒಂದು ಬಾಗಿಲು ಮಾತ್ರ ಸರಿ, ಕಾವಲಿಗೆ ಒಬ್ಬ ಹರಿಶ್ಚಂದ್ರ, ಒಬ್ಬ ಸುಳ್ಳ, ಯಾರು ಯಾವ ಥರ ಗೊತ್ತಿಲ್ಲ, ಕೇಳೋಕೆ ಒಂದೇ ಪ್ರಶ್ನೆ) ಎಲ್ರಿಗೂ ಗೊತ್ತಿರೋ ಉಪಾಯ ‘ಇನ್ನೊಬ್ಬ ಕಾವಲುಗಾರನ್ನ ಕೇಳಿದ್ರೆ ಯಾವ ಬಾಗಿಲು ತೋರಿಸ್ತಾನೆ?’ ಅಂತ ಕೇಳಿ ಉಲ್ಟಾ ಬಾಗಿಲಿಗೆ ಹೋಗೋದು. ನನಗೆ ಅದಕ್ಕಿಂತ ‘ಈ ಬಾಗಿಲು ಸರಿನಾ ಅಂತ ನಿನ್ನ ಕೇಳಿದ್ರೆ ಹೌದು ಅಂತೀಯಾ?’ ಅನ್ನೋದೇ ಇಷ್ಟ. ಸುಳ್ಳ ಎರಡು ಸಲ ಸುಳ್ಳು ಹೇಳಿ ನಿಜಕ್ಕೇ ಬಂದು ಬೀಳ್ತಾನೆ, ಉಲ್ಟಾ ಮಾಡೋ ತಲೆನೋವಿಲ್ಲ, ಒಬ್ಬನೇ ಕಾವಲುಗಾರ ಇದ್ರೂ ನಡೆಯುತ್ತೆ.

ಕೊನೇಲಿ ಉತ್ತರ ಇಟ್ಕೊಂಡು ಒಬ್ಬೊಬ್ಬನ ಮಾತನ್ನೂ ಜೋರಾಗಿ ಓದಿ ತಾಳೆ ನೋಡಿ. ನೋಡಿದ್ರಾ? ಹಾಗಾದ್ರೆ ಇದನ್ನ ಮಾಡಿ: ಇಬ್ಬರು ನಿಂತಿದಾರೆ, ಒಬ್ಬ ‘ನಮ್ಮಿಬ್ರಲ್ಲಿ ಒಬ್ಬನಾದ್ರೂ ಸುಳ್ಳ’ ಅಂತಾನೆ, ಇನ್ನೊಬ್ಬ ಬಾಯೇ ಬಿಡಲ್ಲ.