ಇಂಗ್ಲೆಂಡಿನಲ್ಲಿ ಇನ್ಸುಲಿನ್ ಪಡೆದ ಬಗೆ

ಹದಿನೈದು ವರ್ಷಗಳಿಂದ ಟೈಪ್ 1 ಮಧುಮೇಹವಿರುವ ನಾನು ಮೈಸೂರಿನಿಂದ ಲೀಡ್ಸ್‌ಗೆ ಬಂದಾಗ ಕೈಚೀಲದಲ್ಲಿ ಎರಡು ತಿಂಗಳಿಗಾಗುವಷ್ಟು ಇನ್ಸುಲಿನ್ ಇತ್ತು. ಮನೆ ಹತ್ತಿರದ ಕ್ಲಿನಿಕ್ಕಿನವರು ವಿಳಾಸದ ಪುರಾವೆಯಿಲ್ಲದೆ ನೋಂದಣಿ ಸಾಧ್ಯವಿಲ್ಲವೆಂದು ಎರಡು ಬಾರಿ ಹಿಂದಕ್ಕೆ ಕಳುಹಿಸಿದರು. ಫ್ರಿಜ್ಜಿನಲ್ಲಿ ಕೊನೆಯ ಸೀಸೆಯಷ್ಟೇ ಉಳಿದಾಗ ನಿಜಕ್ಕೂ ಭಯವಾಯಿತು. ಇಂಗ್ಲೆಂಡಿನಲ್ಲಿ ಜಿಪಿ (ಕುಟುಂಬ ವೈದ್ಯರ) ನೋಂದಣಿಗೆ ವಿಳಾಸದ ಪುರಾವೆಯಾಗಲಿ ಗುರುತಿನ ಚೀಟಿಯಾಗಲಿ ಕಡ್ಡಾಯವಲ್ಲವೆಂಬ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ನಿಯಮವನ್ನು ಮುದ್ರಿಸಿಕೊಂಡು ಹೋಗಿ ತೋರಿಸಿದ ಮೇಲೆ ಅರ್ಜಿಯನ್ನು ಸ್ವೀಕರಿಸಿದರು.

ವೈದ್ಯರ ಮುಂದೆ ಊರಿನ ಸೀಸೆಯನ್ನೇ ಇಟ್ಟದ್ದು ಒಳ್ಳೆಯದಾಯಿತು. ಅದರ ಮೇಲೆ ಮಿಲಿಲೀಟರಿಗೆ 40 ಯೂನಿಟ್ ಎಂದಿತ್ತು. ಇಲ್ಲಿ ಸಾಮಾನ್ಯವಾಗಿ ಸಿಗುವುದು 100 ಯೂನಿಟ್‌ನದು. 40 ಯೂನಿಟ್‌ನದಕ್ಕೆಂದೇ ಗೆರೆ ಹಾಕಿದ ನಮ್ಮ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಅದನ್ನು ಎಂದಿನ ಗೆರೆಯವರೆಗೆ ಎಳೆದುಕೊಂಡಿದ್ದರೆ ಎರಡೂವರೆ ಪಟ್ಟು ಔಷಧ ಮೈಸೇರಿ, ರಕ್ತದ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದಿತ್ತು. ಆ ಸಿರಿಂಜುಗಳನ್ನು ಅಂದೇ ಬಿಟ್ಟು, ಇನ್ಸುಲಿನ್ ಪೆನ್ನಿಗೆ ಬದಲಾದೆ. ರಕ್ತದ ಸಕ್ಕರೆಯನ್ನು ಅಳೆಯುವ ಮಾನವೂ ಬೇರೆ: ಇಲ್ಲಿನ ಮೀಟರು ತೋರಿಸುವ 7 (ಎಂಎಂಒಎಲ್/ಲೀ) ಎಂಬ ಅಂಕಿಯನ್ನು 18ರಿಂದ ಗುಣಿಸಿದರೆ ನಮಗೆ ಪರಿಚಿತವಾದ 126 (ಮಿ.ಗ್ರಾಂ/ಡೆ.ಲೀ) ಸಿಗುತ್ತದೆ.

ಔಷಧದ ಶುಲ್ಕದಿಂದ ವಿನಾಯಿತಿ ಕೋರುವ ಎಫ್‌ಪಿ92ಎ ಅರ್ಜಿ ನಮೂನೆಯನ್ನೂ ಮರೆಯದೆ ಕೇಳಿ ಪಡೆಯಬೇಕು. ಅದಕ್ಕೆ ಕ್ಲಿನಿಕ್ಕಿನವರ ಸಹಿಯಾಗಿ ವಿನಾಯಿತಿ ಪತ್ರ ಕೈಸೇರಿದ ಮೇಲೆ, ಎನ್‌ಎಚ್‌ಎಸ್ ಚೀಟಿಯ ಯಾವ ಔಷಧಕ್ಕೂ 5 ವರ್ಷ ಶುಲ್ಕವಿರುವುದಿಲ್ಲ.