ಬಿಲ್ ಆಗೋ ಮುಂಚೆ ಹೊಟ್ಟೆಗೆ ಹೋದ ಮೂರು ಬಾಳೆಹಣ್ಣು

ಟ್ರಾಲಿಯಲ್ಲಿ ಸುಮಾರು 1,400 ರೂಪಾಯಿ ಸಾಮಾನಿತ್ತು. ನಾನು ಬಿಲ್ಲಿಂಗ್ ಕೌಂಟರಿನಲ್ಲಿ ಕ್ಯೂಆರ್ ಕೋಡ್ ಮುಂದೆ ಫೋನ್ ಹಿಡಿದು ನಿಂತಿದ್ದೆ. ಫೋನಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಅಂಗಡಿ ಇರುವುದು ಬೇಸ್‌ಮೆಂಟಿನಲ್ಲಿ, ನೆಟ್‌ವರ್ಕ್ ಒಂದು ಕಡ್ಡಿಯೂ ಇಲ್ಲ. ಪರ್ಸಿನಲ್ಲಿ ನಗದು ಅಂತ ಇದ್ದದ್ದು ಎರಡು ರೂಪಾಯಿಯ ಎರಡು ನಾಣ್ಯ.

"ಸಾಮಾನು ಸೈಡಿಗೆ ಇಟ್ಟಿರ್ತೀನಿ ಮೇಡಂ, ಹೊರಗೆ ಹೋಗಿ ಟ್ರೈ ಮಾಡ್ಕೊಂಡು ಬನ್ನಿ" ಅಂದಳು ಬಿಲ್ಲಿಂಗ್ ಹುಡುಗಿ. ಬೇಳೆ, ಎಣ್ಣೆ, ಸೋಪು ಎಲ್ಲವನ್ನೂ ಸೈಡಿಗೆ ಇಡಬಹುದಿತ್ತು. ನನ್ನ ಮಗ ತಿಂದು ಮುಗಿಸಿ ಕೈಯಲ್ಲಿ ಹಿಡಿದಿದ್ದ 10 ರೂಪಾಯಿ ಚಿಪ್ಸ್‌ನ ಖಾಲಿ ಪ್ಯಾಕೆಟ್ಟನ್ನು ಎಲ್ಲಿಡೋದು? ಅವನ ಕೈ ಹಿಡಿದು ಹೊರಗೆ ಹೊರಟರೆ ಗಾರ್ಡ್ ಏನಂದುಕೊಳ್ತಾನೆ? ಕ್ಯೂನಲ್ಲಿದ್ದ ಯಾರೋ "ತಿಂದವನನ್ನೇ ಅಡ ಇಟ್ಟು ಹೋಗಿಮ್ಮ" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕೊನೆಗೆ ಹಿಂದೆ ನಿಂತಿದ್ದ ಒಬ್ಬ ಅಜ್ಜ ಜೇಬಿನಿಂದ ಹತ್ತರ ನೋಟು ತೆಗೆದು ಕೌಂಟರ್ ಮೇಲಿಟ್ಟರು. ನಾನು ಹೊರಗೆ ಹೋಗಿ ನೆಟ್‌ವರ್ಕ್ ಹುಡುಕಿಕೊಂಡು ವಾಪಸ್ ಬರುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಆ ಹತ್ತು ರೂಪಾಯಿ ಸಾಲ ಹಾಗೇ ಇದೆ.

ಅಲ್ಲಿಯವರೆಗೆ ಬಿಲ್ ಆಗೋ ಮುಂಚೆ ತಿನ್ನೋದು ಒಂದು ವಿಷಯ ಅಂತಲೇ ನನಗೆ ಅನಿಸಿರಲಿಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಿಂದ ಸಂಜೆ ಐದೂವರೆಗೆ ಮಗನ ಜೊತೆ ಸಾಮಾನಿಗೆ ಹೋಗ್ತೀನಿ. ಅವನಿಗೆ ಐದು ವರ್ಷ. ಸ್ಕೂಲಿಂದ ಬಂದು ಹಾಲು ಕುಡಿದಿರ್ತಾನೆ ಅಷ್ಟೇ. ಟ್ರಾಲಿಯಲ್ಲಿ ಕೂರಿಸಿ ಒಂದು ಪ್ಯಾಕೆಟ್ ಒಡೆದು ಕೈಗೆ ಕೊಟ್ಟರೆ ಇಪ್ಪತ್ತು ನಿಮಿಷ ಶಾಂತಿ. ಹೇಗೂ ದುಡ್ಡು ಕೊಡ್ತೀವಲ್ಲ, ಹತ್ತು ನಿಮಿಷ ಆಚೆ ಈಚೆ ಏನಾಯ್ತು ಅನ್ನೋದು ನನ್ನ ಲೆಕ್ಕ.

ಈ ಲೆಕ್ಕ ನನಗೆ ಬಂದದ್ದು ಊರಿಂದ. ನಾನು ಹುಟ್ಟಿದ್ದು ಪಾಂಡವಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ನೀರು, ಎಲ್ಲಿ ನೋಡಿದರೂ ಕಬ್ಬು. ದಾರಿಯಲ್ಲಿ ಹೋಗುವ ಮಕ್ಕಳು ಒಂದು ಜಲ್ಲೆ ಮುರಿದುಕೊಂಡರೆ ಯಾರೂ ಬೈಯುತ್ತಿರಲಿಲ್ಲ. "ತಿನ್ನಕ್ಕೆ ಮುರ್ಕಂಡ್ರೆ ಕಳ್ತನ ಅಲ್ಲ ಕಣವ್ವ, ಹೊರೆ ಕಟ್ಟುದ್ರೆ ಕಳ್ತನ" ಅನ್ನುತ್ತಿದ್ದರು ನಮ್ಮ ತಾತ. ಆಲೆಮನೆಗೆ ಹೋದರಂತೂ ಕೇಳುವುದೇ ಬೇಡ. ಬಂದವರಿಗೆಲ್ಲ ಕಬ್ಬಿನ ಹಾಲು, ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲ. ತಿನ್ನದೆ ಎದ್ದು ಬಂದರೇ ಬೇಜಾರು ಮಾಡಿಕೊಳ್ಳುತ್ತಿದ್ದರು. ಊರಿನ ಶೆಟ್ಟರ ಅಂಗಡಿಯಲ್ಲೂ ಅಷ್ಟೆ. ಅಮ್ಮ ಚೀಟಿ ಓದುತ್ತಿದ್ದರೆ ಶೆಟ್ಟರು ಒಂದು ಚೂರು ಬೆಲ್ಲ, ನಾಲ್ಕು ಹುರಿಗಡಲೆ ನನ್ನ ಕೈಗೆ ಹಾಕುತ್ತಿದ್ದರು. ಅದು ಕೊಸರು. ತೂಕಕ್ಕೂ ಸೇರದು, ಲೆಕ್ಕಕ್ಕೂ ಸೇರದು.

ಆದರೆ ಕಬ್ಬು ತಾತನದು, ಬೆಲ್ಲ ಶೆಟ್ಟರದು. ಕೊಡುವವರು ಎದುರಿಗೇ ಇರುತ್ತಿದ್ದರು. ಸೂಪರ್ ಮಾರ್ಕೆಟ್ಟಿನ ರ‍್ಯಾಕಿನ ಮುಂದೆ ಹಾಗೆ ಯಾರಿದ್ದಾರೆ? ಅಲ್ಲಿ ಕೊಡೋದೂ ನಾನೇ, ತಗೊಳ್ಳೋದೂ ನಾನೇ. ಇದು ಹೊಳೆಯೋಕೆ ನನಗೆ ಇನ್ನೊಂದು ಪೆಟ್ಟು ಬೇಕಾಯ್ತು.

ಚಿಪ್ಸ್ ಪ್ರಸಂಗ ಆದ ಮೇಲೆ ಪ್ಯಾಕೆಟ್ ಒಡೆಯೋದು ನಿಲ್ಲಿಸಿದ್ದೆ. ಹಣ್ಣಾದರೆ ಪರವಾಗಿಲ್ಲ, ಆರೋಗ್ಯಕ್ಕೂ ಒಳ್ಳೇದು ಅಂತ ಒಂದು ದಿನ ಏಲಕ್ಕಿ ಬಾಳೆಹಣ್ಣು ಸುಲಿದು ಕೊಟ್ಟೆ. ಒಂದಾಯ್ತು, ಎರಡಾಯ್ತು, ಮೂರಾಯ್ತು. ಸಿಪ್ಪೆಯನ್ನು ಬುಟ್ಟಿಗೆ ಹಾಕಿದೆ. ಉಳಿದ ಚಿಪ್ಪನ್ನು ತೂಕ ಮಾಡಿಸಿ, ಸ್ಟಿಕ್ಕರ್ ಅಂಟಿಸಿಕೊಂಡು, ಬಿಲ್ ಮಾಡಿಸಿ ಮನೆಗೆ ಬಂದೆ. ರಾತ್ರಿ ಅನ್ನ ಕಲಸುವಾಗ ನೆನಪಾಯ್ತು, ತಿಂದ ಮೂರು ತೂಕಕ್ಕೇ ಬಂದಿಲ್ಲ ಅಂತ. ಪ್ಯಾಕೆಟ್ ಆದರೆ ಮೇಲೆ ಬೆಲೆ ಇರುತ್ತೆ, ಖಾಲಿ ಕವರ್ ತೋರಿಸಿದರೂ ಬಿಲ್ ಆಗುತ್ತೆ. ಹಣ್ಣಿಗೆ ಹಾಗಲ್ಲ. ತಿಂದದ್ದನ್ನು ತೂಗೋಕೆ ಆಗುತ್ತಾ? ಒಳ್ಳೇ ತಿಂಡಿ ಅಂತ ನಾನು ಆರಿಸಿದ್ದೇ ಲೆಕ್ಕ ಸಿಗದ ವಸ್ತು!

ಮಾರನೇ ದಿನ ಮಗನ ಜೊತೆ ಹೋಗಿ ಬಿಲ್ಲಿಂಗ್‌ನಲ್ಲಿ ಹೇಳಿದೆ. ಹುಡುಗಿ ನನ್ನನ್ನೇ ನೋಡಿದಳು. "ಬಿಡಿ ಮೇಡಂ, ಮೂರು ಬಾಳೆಹಣ್ಣು ತಾನೆ?" ನಾನು ಬಿಡಲಿಲ್ಲ. "ಬಾರ್‌ಕೋಡ್ ಇಲ್ದೆ ಸಿಸ್ಟಮ್ ತಗೊಳ್ಳಲ್ಲ ಮೇಡಂ. ದುಡ್ಡು ಸುಮ್ನೆ ಇಸ್ಕೊಂಡ್ರೆ ರಾತ್ರಿ ಕ್ಯಾಶ್ ಟ್ಯಾಲಿ ಆಗಲ್ಲ, ನನಗೇ ತಲೆನೋವು." ಸೂಪರ್‌ವೈಸರ್ ಬಂದರು. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಹಿಂದಿನ ದಿನದ್ದೇ ಗಾತ್ರದ ಮೂರು ಏಲಕ್ಕಿ ಬಾಳೆ ಆರಿಸಿದೆವು. ತೂಗಿಸಿದರೆ 170 ಗ್ರಾಂ. ಸ್ಟಿಕ್ಕರ್ ಬಂತು, ಬಿಲ್ ಆಯ್ತು, ದುಡ್ಡು ಕೊಟ್ಟೆ, ಹಣ್ಣನ್ನು ಅಲ್ಲೇ ಬಿಟ್ಟೆ. "ದುಡ್ಡು ಕೊಟ್ಟು ಹಣ್ಣು ಯಾಕೆ ಬಿಟ್ಟು ಬಂದೆ?" ಅಂತ ಮಗ ದಾರಿಯುದ್ದಕ್ಕೂ ಕೇಳಿದ. ನಾನು ಹೇಳಿದ ಯಾವ ಉತ್ತರವೂ ಅವನಿಗೆ ಸರಿಹೋಗಲಿಲ್ಲ.

ನಮ್ಮೆಜಮಾನರಿಗೆ ಇದೆಲ್ಲ ಅತಿ ಅನಿಸಿತು. ವಕೀಲಿಕೆ ಮಾಡುವ ನಮ್ಮ ಭಾವನ ಹತ್ತಿರ ತೀರ್ಪು ಕೇಳಿದರು. ಬಿಲ್ ಆಗೋವರೆಗೆ ಮಾಲು ಅಂಗಡಿಯದೇ ಅಂದರು ಭಾವ. ಆದರೆ ದುಡ್ಡು ಕೊಡೋ ಮನಸ್ಸಿಟ್ಟುಕೊಂಡು ತಿಂದರೆ ಕಳ್ಳತನ ಅನ್ನಿಸಿಕೊಳ್ಳಲ್ಲ, ಅದಕ್ಕೆ ಮೋಸದ ಉದ್ದೇಶ ಇರಬೇಕು. ಇನ್ನು ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಕಾನೂನಿನಲ್ಲಿ ಅಪರಾಧವಲ್ಲ. 2024ರ ಜುಲೈ 1ರಿಂದ ಹಳೇ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದರೂ ಈ ಮಾತು ಬದಲಾಗಿಲ್ಲವಂತೆ. ಮಗ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡ. ಎರಡು ವರ್ಷ ಇನ್ನೂ ಬಾಕಿ ಇದೆ ಅನ್ನೋ ಮುಖ ಮಾಡಿದ.

ನನ್ನ ಮನಸ್ಸು ತಿರುಗಿದ್ದು ಕಾನೂನಿನಿಂದಲ್ಲ. ನಮ್ಮ ಮಹಡಿ ಮನೆಯ ಹುಡುಗಿ ಇನ್ನೊಂದು ಅಂಗಡಿಯಲ್ಲಿ ಸ್ಟಾಕ್ ನೋಡಿಕೊಳ್ತಾಳೆ. "ಡಿಟರ್ಜೆಂಟ್ ಡಬ್ಬಗಳ ಹಿಂದೆ ಕೈ ಹಾಕಿದ್ರೆ ಚಾಕೊಲೇಟ್ ಕವರ್ ಸಿಗುತ್ತೆ ಅಕ್ಕ, ಮಡಚಿ ಮಡಚಿ ತುರುಕಿರ್ತಾರೆ" ಅಂದಳು. ಕಂಪ್ಯೂಟರ್ 24 ಅನ್ನುತ್ತೆ, ರ‍್ಯಾಕಿನಲ್ಲಿ 21 ಇರುತ್ತೆ, ಉತ್ತರ ಹೇಳಬೇಕಾದವಳು ಅವಳು. ಹಣ್ಣು ತಿಂದದ್ದು ಗೊತ್ತೇ ಆಗಲ್ಲ, ಕೊಳೆತದ್ದರ ಲೆಕ್ಕಕ್ಕೆ ಸೇರಿಹೋಗುತ್ತಂತೆ. ಬಾರ್‌ಕೋಡ್ ಹರಿಯುವ ಹಾಗೆ ಪ್ಯಾಕೆಟ್ ಒಡೆದು ತರುವವರೂ ಇದ್ದಾರೆ. ಆಗ ಬಾರ್‌ಕೋಡ್ ಕೆಳಗಿನ, 890ರಿಂದ ಶುರುವಾಗುವ 13 ಅಂಕಿಯನ್ನು ಕೈಯಲ್ಲೇ ಒತ್ತಬೇಕು, ಅಂಕಿಯೂ ಹರಿದಿದ್ದರೆ ಅಂಥದ್ದೇ ಇನ್ನೊಂದನ್ನು ಹುಡುಕಿ ತರಬೇಕು. ಒಂದಕ್ಕೊಂದು ಫ್ರೀ ಅಂತ ಟೇಪ್ ಸುತ್ತಿದ ಜೋಡಿಯಲ್ಲಿ ಒಂದನ್ನು ಮಗು ಕಿತ್ತು ತಿಂದರಂತೂ ಉಳಿದದ್ದು ಅನಾಥ. ಕೇಳ್ತಾ ಕೇಳ್ತಾ ನಾನು ಕಾಫಿ ಲೋಟ ನೋಡ್ತಾ ಕೂತೆ. ಇದರಲ್ಲಿ ಅರ್ಧ ನಾನೂ ಮಾಡಿದ್ದೆ.

ಈಗ ನಮ್ಮ ಪದ್ಧತಿ ಹೀಗಿದೆ. ಅಂಗಡಿಗೆ ಹೋದ ತಕ್ಷಣ ಮಗ ಒಂದು ತಿಂಡಿ ಆರಿಸುತ್ತಾನೆ. ಪ್ಯಾಕೆಟ್‌ನದ್ದೇ ಆಗಬೇಕು, 20 ರೂಪಾಯಿ ಒಳಗೆ. ತೂಕದ್ದು ಬೇಡ. ಅವನೇ ಕೌಂಟರಿಗೆ ಹೋಗಿ "ಅಕ್ಕ, ಇದೊಂದು ಬಿಲ್ ಮಾಡಿಕೊಡಿ" ಅನ್ನುತ್ತಾನೆ. ಅದಕ್ಕೆ ಬೇಕಾಗುವ ನೋಟು ಅವನ ಜೇಬಿನಲ್ಲೇ ಇರುತ್ತೆ, ನೆಟ್‌ವರ್ಕ್ ಗೋಜಿಲ್ಲ. ಆಮೇಲೆ ಅವನು ಟ್ರಾಲಿಯಲ್ಲಿ ಕೂತು ತಿನ್ನಬಹುದು. ನಾನು ನನ್ನ ಚೀಟಿ ನೋಡಿಕೊಂಡು ಸುತ್ತುತ್ತೇನೆ.

ಮೊದಲ ವಾರ ಇದು ಹೇಳಿದಷ್ಟು ಸುಲಭ ಇರಲಿಲ್ಲ. ಶನಿವಾರ ಸಂಜೆ ಹೋದೆವು, ಕ್ಯೂ ಅಕ್ಕಿ ಮೂಟೆಗಳವರೆಗೆ ಬಂದಿತ್ತು. ಬಿಸ್ಕೆಟ್ ಹಿಡಿದು ಕಾಯ್ತಾ ನಿಂತವನು ನೆಲದ ಮೇಲೆ ಕೂತು ಅತ್ತ. ಜನ ನೋಡ್ತಿದ್ದರು. ಒಬ್ಬರು "ಕೊಡ್ರಿ ಪಾಪ, ಆಮೇಲೆ ಬಿಲ್ ಮಾಡಿಸಿದ್ರೆ ಆಯ್ತು" ಅಂದರು. ಕೊಟ್ಟೇಬಿಟ್ಟೆ. ಸೋತೆ ಅಂತ ಅನಿಸಿತು, ಆದರೆ ಕವರನ್ನು ಹುಷಾರಾಗಿ ಇಟ್ಟುಕೊಂಡೆ. ಆಮೇಲೆ ಶನಿವಾರ, ಭಾನುವಾರ ಅವನನ್ನು ಕರೆದುಕೊಂಡು ಹೋಗೋದೇ ಬಿಟ್ಟೆ. ವಾರದ ದಿನ ಹೊರಡುವ ಮುಂಚೆ ಮನೆಯಲ್ಲೇ ಅರ್ಧ ಚಪಾತಿಗೆ ತುಪ್ಪ ಸಕ್ಕರೆ ಹಚ್ಚಿ ಸುತ್ತಿ ಕೊಡ್ತೀನಿ. ನಿಜ ಹೇಳಬೇಕೆಂದರೆ ಅರ್ಧ ಸಮಸ್ಯೆ ಮುಗಿದದ್ದು ಆ ಚಪಾತಿಯಿಂದಲೇ. ಮನೆಯಿಂದ ಚಕ್ಕುಲಿ ಡಬ್ಬಿ ಒಯ್ದೂ ನೋಡಿದೆ. ಗಾರ್ಡ್ ಚೀಲಕ್ಕೆ ಟ್ಯಾಗ್ ಹಾಕಿ ಕಟ್ಟಿದ, ಡಬ್ಬಿ ಅದರೊಳಗೇ ಉಳಿಯಿತು.

ದ್ರಾಕ್ಷಿ ಮಾತ್ರ ಯಾವ ಅಂಗಡಿಯಲ್ಲೂ ಅವನಿಗೆ ತಿನ್ನೋಕೆ ಕೊಡೋದಿಲ್ಲ. ತೊಳೆದಿರಲ್ಲ, ಔಷಧಿ ಹೊಡೆದಿರ್ತಾರೆ. ಚಿಕ್ಕ ಮಕ್ಕಳಿಗೆ ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳುವ ಭಯವೂ ಇದೆ. ದೇವರಾಜ ಮಾರುಕಟ್ಟೆಗೆ ಹೋದಾಗ ಇದೊಂದು ತಕರಾರು. ಅಲ್ಲಿ ವ್ಯಾಪಾರಿಗಳೇ ಕರೆದು "ರುಚಿ ನೋಡು ಮರಿ" ಅಂತ ಕೈಗೆ ಹಾಕುತ್ತಾರೆ. ಬೇಡ ಅನ್ನೋಕೆ ನನಗೂ ಮನಸ್ಸು ಬರಲ್ಲ, ಅದು ಶೆಟ್ಟರ ಬೆಲ್ಲದ ಹಾಗೆ, ಕೊಡುವವರೇ ಕೊಟ್ಟದ್ದು. ಅವನು ಮುಷ್ಟಿಯಲ್ಲಿ ಹಿಡಿದುಕೊಂಡು ಮನೆಯವರೆಗೆ ತರುತ್ತಾನೆ, ತೊಳೆದು ಹೆಚ್ಚಿ ಕೊಡ್ತೀನಿ. ಅಷ್ಟು ಹೊತ್ತಿಗೆ ಅದು ಹಿಸುಕಿ ರಸ ಆಗಿರುತ್ತೆ, ಅದು ಬೇರೆ ಮಾತು.

ಇನ್ನೊಂದು ಸಣ್ಣ ವಿಷಯ. ಆ ಪುಟ್ಟ ಬಿಲ್ಲನ್ನು ಬಾಗಿಲು ದಾಟೋವರೆಗೆ ಜೋಪಾನ ಮಾಡಬೇಕು, ಗಾರ್ಡ್ ಎರಡೂ ಬಿಲ್ ಕೇಳ್ತಾನೆ. ನಮ್ಮಲ್ಲಿ ಅದು ಮಗನ ಜವಾಬ್ದಾರಿ. ಗಾರ್ಡ್ ಅದಕ್ಕೂ ಸೀಲ್ ಒತ್ತಿದರೆ ಅವನಿಗೆ ಖುಷಿಯೋ ಖುಷಿ, ಮಡಚಿ ಚಡ್ಡಿ ಜೇಬಿಗೆ ಇಟ್ಟುಕೊಳ್ತಾನೆ. ಬಟ್ಟೆ ಮಷೀನಿಗೆ ಹಾಕೋ ಮುಂಚೆ ಜೇಬು ನೋಡಬೇಕು. ಮೊನ್ನೆ ಮರೆತೆ, ನಮ್ಮೆಜಮಾನರ ಕಪ್ಪು ಪ್ಯಾಂಟ್ ತುಂಬಾ ಬಿಳಿ ಚೂರು.