ಪ್ಲಾಟಿನ ಆಫೀಸ್ ತೆರೆಯುತ್ತೀರಾ? ಏಜೆಂಟರಿಗೆ ಏನು ಬೇಕು ಅಂತ ಮೊದಲು ನೋಡಿ

ಕಲಬುರಗಿಯಲ್ಲಿ ಸೇಡಂ ರಸ್ತೆ, ಜೇವರ್ಗಿ ರಸ್ತೆ, ಹುಮನಾಬಾದ್ ರಿಂಗ್ ರೋಡ್ ಎಲ್ಲಿ ಹೋದರೂ ರಿಯಲ್ ಎಸ್ಟೇಟ್ ಬೋರ್ಡು ಕಾಣುತ್ತದೆ. 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಸೇಡಂ ರಸ್ತೆ ಕಡೆ ಎಲ್ಲರ ಕಣ್ಣು ಬಿದ್ದಿದೆ. ಹೊಸದಾಗಿ ಆಫೀಸ್ ತೆರೆಯುವವರು ಗಾಜಿನ ಬಾಗಿಲು, ತಿರುಗುವ ಕುರ್ಚಿ, ಗೋಡೆ ತುಂಬ ಲೇಔಟ್ ಫೋಟೋ ಅಂತ ಲಕ್ಷಗಟ್ಟಲೆ ಹಾಕುತ್ತಾರೆ. ಆದರೂ ಸ್ವಲ್ಪ ದಿನಕ್ಕೆ ಒಳ್ಳೆಯ ಏಜೆಂಟರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಾರೆ. ಯಾಕೆ ಅಂತ ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಎರಡೇ ಮಾತು. ಒಂದು, ಕಾಗದ ಸರಿ ಇಲ್ಲದ ಪ್ಲಾಟ್ ಮಾರಿಸಿ ಪಾರ್ಟಿ (ಕೊಳ್ಳಲು ಬಂದವರು) ಮುಂದೆ ಮುಖ ಎತ್ತದ ಹಾಗೆ ಮಾಡಿದರು. ಇನ್ನೊಂದು, ಕಮಿಷನ್ ಸರಿಯಾಗಿ ಕೊಡಲಿಲ್ಲ. ಹಾಗಾಗಿ ನಾನು ಶುರು ಮಾಡುವುದೂ ಅಲ್ಲಿಂದಲೇ, ಕುರ್ಚಿ-ಮೇಜು ಆಮೇಲೆ.

1. ಪ್ರತಿ ಪ್ಲಾಟಿಗೆ ಒಂದು ಫೈಲ್

ಏಜೆಂಟ್ ಬಿಸಿಲಲ್ಲಿ ಸುತ್ತಾಡಿ ಪಾರ್ಟಿ ತರುತ್ತಾನೆ. ಪಾರ್ಟಿ ಮೊದಲು ಕೇಳುವುದು, "ಎನ್‌ಎ ಆಗ್ಯಾದೇನ್ರಿ? ಬ್ಯಾಂಕಿನಾಗ ಲೋನ್ ಸಿಗ್ತದೇನ್ರಿ?" ಎನ್‌ಎ ಅಂದರೆ ಹೊಲವನ್ನು ಕೃಷಿಯೇತರ ಜಮೀನಾಗಿ ಬದಲಿಸುವುದು. ಆಗ ಏಜೆಂಟ್ "ಸಾಹೇಬ್ರನ್ನ ಕೇಳಿ ಹೇಳ್ತೀನಿ" ಅಂದರೆ ಅರ್ಧ ವ್ಯವಹಾರ ಅಲ್ಲೇ ಹೋಯಿತು. ಉತ್ತರ ಆಫೀಸಿನ ಕಪಾಟಿನಲ್ಲಿ ಸಿದ್ಧ ಇರಬೇಕು.

ಫೈಲಿನ ಮೇಲೆ ಊರು, ಸರ್ವೆ ನಂಬರ್, ಪ್ಲಾಟ್ ನಂಬರ್, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಬರೆಯಿರಿ. ಒಳಗೆ ಮೊದಲು ಎನ್‌ಎ ಆದೇಶ, ಅಂದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಕಲಂ 95ರಂತೆ ಆದ ಭೂ ಪರಿವರ್ತನೆ. ಅದರ ಹಿಂದೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾದ ಲೇಔಟ್ ನಕ್ಷೆ. ಆಮೇಲೆ ಮೂಲ ಖರೀದಿ ಪತ್ರ, ಅದರಿಂದ ಇವತ್ತಿನ ಮಾಲೀಕನವರೆಗೆ ಕೈ ಬದಲಾದ ಪತ್ರಗಳು. ಪಾಲಿಕೆ ವ್ಯಾಪ್ತಿಯಲ್ಲಿದ್ದರೆ ಇ-ಖಾತಾ, ಗ್ರಾಮ ಪಂಚಾಯಿತಿಯಲ್ಲಿದ್ದರೆ ಇ-ಸ್ವತ್ತು ದಾಖಲೆ. ಕೊನೆಗೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಿಂದ ತೆಗೆದ ಇಸಿ, ಅಂದರೆ ಋಣಭಾರ ಪತ್ರ. ಇಸಿ ಹಳೆಯದಾದರೆ ಪ್ರಯೋಜನ ಇಲ್ಲ. ಹೊಸ ಪಾರ್ಟಿ ಗಟ್ಟಿಯಾಗಿ ಕುಳಿತಾಗ ಹೊಸದನ್ನೇ ತೆಗೆಯಿರಿ.

ನಮ್ಮ ಭಾಗಕ್ಕೇ ಸೇರಿದ ಒಂದೆರಡು ವಿಷಯ ಇವೆ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದವರು. ಅದಕ್ಕೇ ಕೆಲವು ಜಮೀನುಗಳ ಹಳೆ ಕಾಗದ ಉರ್ದುವಿನಲ್ಲಿ ಇರುತ್ತವೆ. ಅದನ್ನು ಓದಿ ಹೇಳಬಲ್ಲ ಒಬ್ಬ ಹಿರಿಯ ಮುನ್ಷಿಯೋ ವಕೀಲರೋ ಆಫೀಸಿಗೆ ಪರಿಚಯ ಇರಲೇಬೇಕು, ಅಂದಾಜಿನ ಮೇಲೆ ಮುಂದೆ ಹೋಗಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವ ಹಾಗಿಲ್ಲ. ಪಿತ್ರಾರ್ಜಿತ ಹೊಲ ಒಡೆದು ಮಾಡಿದ ಲೇಔಟ್ ಆದರೆ ವಂಶಾವಳಿ ನೋಡಿ, ಅಕ್ಕ-ತಂಗಿಯರ ಸಹಿ ಇದೆಯೋ ಇಲ್ಲವೋ ಅಂತ ನೋಡಿ. 2005ರ ತಿದ್ದುಪಡಿ ಆದ ಮೇಲೆ ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳದೂ ಸಮಪಾಲು. "ಅವರು ಮದುವೆಯಾಗಿ ಹೋಗ್ಯಾರ, ಏನೂ ಅನ್ನಂಗಿಲ್ಲ" ಅನ್ನುವ ಮಾತನ್ನು ನಂಬಿ ಇಸಾರು (ಮುಂಗಡ) ಕೊಡಿಸಿದರೆ ನಾಳೆ ಕೋರ್ಟಿನಿಂದ ನೋಟಿಸ್ ಬರಬಹುದು.

ಗುಂಟೆ ಲೆಕ್ಕದಲ್ಲಿ ಮಾರುವ, ಎನ್‌ಎ ಆಗದ ಹೊಲದ ತುಂಡುಗಳನ್ನು ಫೈಲಿಗೇ ಸೇರಿಸಬೇಡಿ. ಕಮಿಷನ್ ಜಾಸ್ತಿ ಸಿಗಬಹುದು. ಆದರೆ ಕೊಳ್ಳುವವರು ಜೀವಮಾನದ ಉಳಿತಾಯ ಹಾಕುವ ಶಿಕ್ಷಕರು, ಪೊಲೀಸರು, ತೊಗರಿ ಮಾರಿದ ದುಡ್ಡು ಕೂಡಿಸಿಟ್ಟ ರೈತರು. ಅವರಿಗೆ ಮನೆ ಕಟ್ಟಲು ಲೈಸೆನ್ಸ್ ಸಿಗದ ಜಾಗ ತೋರಿಸುವುದು ತಪ್ಪು.

2. ರೇರಾ ನಂಬರ್ ಗೋಡೆಯ ಮೇಲಿರಲಿ

2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಪ್ರಕಾರ 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಮಾರಬೇಕಾದರೆ ಅದು ನೋಂದಣಿ ಆಗಿರಬೇಕು. ಅದರಲ್ಲಿ ಪ್ಲಾಟ್ ಮಾರಿಸುವ ಏಜೆಂಟೂ ನೋಂದಣಿ ಆಗಿರಬೇಕು. ಕರ್ನಾಟಕದ ನಿಯಮದಲ್ಲಿ ಒಬ್ಬ ವ್ಯಕ್ತಿಗೆ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ ಶುಲ್ಕ ಇಟ್ಟಿದ್ದಾರೆ, ಅವಧಿ 5 ವರ್ಷ. ನೋಂದಣಿ ಇಲ್ಲದೆ ಮಾರಿದರೆ ದಿನಕ್ಕೆ 10,000 ರೂಪಾಯಿ ದಂಡ, ಅದು ಆಸ್ತಿ ಬೆಲೆಯ ಶೇ 5ರವರೆಗೂ ಬೆಳೆಯುತ್ತದೆ. ಹೊಸ ಹುಡುಗರಿಗೆ ಒಮ್ಮೆಲೇ 25,000 ಹೊಂದಿಸುವುದು ಕಷ್ಟ, ಅಲ್ವಾ? ಆಫೀಸ್ ಮುಂಗಡ ಕೊಟ್ಟು ಕಮಿಷನ್‌ನಲ್ಲಿ ಸ್ವಲ್ಪ ಸ್ವಲ್ಪ ಹಿಡಿಯಬಹುದು. ಇಷ್ಟು ಮಾಡಿದರೆ ಹುಡುಗರು ನಿಮ್ಮನ್ನು ಬಿಟ್ಟು ಹೋಗುವುದು ಕಡಿಮೆ.

3. ಪಾರ್ಟಿ ಯಾರದು? ರಿಜಿಸ್ಟರ್ ಹೇಳಲಿ

ಬೆಳಿಗ್ಗೆ ಒಬ್ಬ ಏಜೆಂಟ್ ತನ್ನ ಗಾಡಿಯಲ್ಲಿ ಪಾರ್ಟಿಯನ್ನು ಕೂರಿಸಿಕೊಂಡು ಹೋಗಿ ಪ್ಲಾಟ್ ತೋರಿಸಿರುತ್ತಾನೆ. ಸಂಜೆ ಅದೇ ಮನುಷ್ಯ ಅಳಿಯನನ್ನು ಕರೆದುಕೊಂಡು ಸೀದಾ ಆಫೀಸಿಗೆ ಬರುತ್ತಾರೆ. ಅಲ್ಲಿದ್ದ ಇನ್ನೊಬ್ಬ ಏಜೆಂಟ್ ಚಹಾ ತರಿಸಿ, ರೇಟು ಮಾತಾಡಿ, ಇಸಾರು ಮಾಡಿಸಿಬಿಡುತ್ತಾನೆ. ಮರುದಿನ ಶುರು. "ಅಣ್ಣಾರ, ಪಾರ್ಟಿ ನಂದು ಅದ." "ಇಲ್ರಿ, ಕೂಡಿಸಿ ಮಾತು ಮುಗಿಸಿದಾಂವ ನಾನು." ಇಬ್ಬರೂ ಹೇಳುವುದು ನಿಜವೇ. ಇಲ್ಲಿ ಮಾಲೀಕ ಯಾರ ಕಡೆ ತೀರ್ಪು ಕೊಟ್ಟರೂ ಒಬ್ಬ ಆಫೀಸ್ ಬಿಡುತ್ತಾನೆ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ. ಒಂದು ದಪ್ಪ ರಿಜಿಸ್ಟರ್ ಸಾಕು. ಪಾರ್ಟಿ ಹೆಸರು, ಫೋನ್ ನಂಬರ್, ತಾರೀಖು, ಹೊತ್ತು, ತೋರಿಸಿದ ಪ್ಲಾಟ್, ಏಜೆಂಟ್ ಸಹಿ. ಮೊದಲು ಬರೆದವನಿಗೆ 60 ದಿನ ಹಕ್ಕು ಅಂತ ಇಟ್ಟುಕೊಳ್ಳಿ. ಒಂದೇ ಮನೆಯವರು ಯಾರು ಬಂದರೂ ಒಂದೇ ಪಾರ್ಟಿ. ಬೇರೆಯವನು ಕೂಡಿಸಿ ಮಾತು ಮುಗಿಸಿದ್ದರೆ ಅವನಿಗೂ ಪಾಲು ಉಂಟು, ಆದರೆ ಎಷ್ಟು ಅನ್ನುವುದು ಮೊದಲೇ ಗೊತ್ತಿರಬೇಕು.

4. ಕಮಿಷನ್ ಲೆಕ್ಕ ಬರೆದು ಕೊಡಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. 30x40 ಪ್ಲಾಟ್, 1,200 ಚದರ ಅಡಿ. ಅಡಿಗೆ 2,000 ಅಂದರೆ 24 ಲಕ್ಷ. ಶೇ 2 ಕಮಿಷನ್ ಬಂದರೆ 48,000. ಆಫೀಸಿಗೆ ಶೇ 40 ಅಂದರೆ 19,200. ಉಳಿದ 28,800ರಲ್ಲಿ ಪ್ಲಾಟ್ ತಂದವನಿಗೆ 14,400, ಪಾರ್ಟಿ ತಂದವನಿಗೆ 14,400. ಎರಡೂ ಒಬ್ಬನೇ ತಂದಿದ್ದರೆ ಪೂರ್ತಿ ಅವನಿಗೇ. ನಿಮ್ಮ ಪಾಲು ಬೇರೆ ಇರಬಹುದು, ಪರವಾಗಿಲ್ಲ. ಆದರೆ ಸೇರುವ ದಿನವೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ದುಡ್ಡು ಬಂದ ಮೂರು ದಿನದೊಳಗೆ ಏಜೆಂಟನ ಖಾತೆಗೆ ಹಾಕಿ. "ಮುಂದಿನ ಡೀಲ್‌ನಾಗ ಕೂಡಿಸಿ ಕೊಡ್ತೀನಿ" ಅನ್ನುವ ಆಫೀಸಿನಲ್ಲಿ ಯಾವ ಬುದ್ಧಿವಂತನೂ ನಿಲ್ಲುವುದಿಲ್ಲ.

ಇಸಾರಿನ ದುಡ್ಡು ಮಾತ್ರ ಏಜೆಂಟನ ಕೈಗಾಗಲಿ ಆಫೀಸಿನ ಗಲ್ಲಾಪೆಟ್ಟಿಗೆಗಾಗಲಿ ಬರಬಾರದು. ನೇರ ಮಾರುವವರ ಖಾತೆಗೆ ಹೋಗಲಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾಯ್ದೆ ಒಪ್ಪುವುದಿಲ್ಲ, ತೆಗೆದುಕೊಂಡಷ್ಟೇ ಮೊತ್ತದ ದಂಡ ಬೀಳಬಹುದು. ಇದನ್ನು ಪಾರ್ಟಿಗೂ ಬಿಡಿಸಿ ಹೇಳಿ. ಹಾಗೆಯೇ ರಿಜಿಸ್ಟ್ರೇಷನ್ ಖರ್ಚು: ಮುದ್ರಾಂಕ ಶುಲ್ಕ ಶೇ 5, ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ 5.6ರ ಆಸುಪಾಸು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಏಜೆಂಟ್ ಮೊದಲೇ ಇದನ್ನು ಹೇಳದಿದ್ದರೆ ಕೊನೆ ಗಳಿಗೆಯಲ್ಲಿ ಪಾರ್ಟಿಗೆ ದುಡ್ಡು ಸಾಲದೆ ತೊಂದರೆಯಾಗುತ್ತದೆ.

5. ಜಾಗ ಮತ್ತು ಅನುಕೂಲ

ನೆಲಮಹಡಿ ಇರಲಿ, ಬೈಕ್ ನಿಲ್ಲಿಸಲು ಜಾಗ ಇರಲಿ. ಊರೊಳಗಿನ ಸೂಪರ್ ಮಾರ್ಕೆಟ್ ಪ್ರದೇಶದ ನಡುವೆ ಬಾಡಿಗೆ ಕೊಟ್ಟು ಪಾರ್ಟಿ ಕಾರು ನಿಲ್ಲಿಸಲು ಒದ್ದಾಡುವುದಕ್ಕಿಂತ ರಿಂಗ್ ರೋಡ್ ಬದಿಯೇ ಮೇಲು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ಕೂಲರ್, ತಣ್ಣನೆ ನೀರು, ಶುಚಿಯಾದ ಶೌಚಾಲಯ ಇವು ಶೋಕಿ ಅಲ್ಲ. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಬೇಕು ಅಂತಿದ್ದರೆ ಶೌಚಾಲಯ ಮೊದಲ ಷರತ್ತು. ಒಂದು ಸಣ್ಣ ಕೋಣೆ ಬೇರೆ ಇರಲಿ. ಗಂಡ-ಹೆಂಡತಿ ಬಂದಾಗ ಎಲ್ಲರೆದುರು ದುಡ್ಡಿನ ಮಾತು ಆಡುವುದಿಲ್ಲ.

6. ಸೈಟಿಗೆ ಕಳಿಸುವ ಮುನ್ನ

ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರೊಳಗೆ ಇಲ್ಲವೇ ಸಂಜೆ ಐದರ ಮೇಲೆ ತೋರಿಸುವುದು ಒಳ್ಳೆಯದು. ಹೋಗುವ ಏಜೆಂಟಿನ ಫೋನಿನಲ್ಲಿ ದಿಶಾಂಕ್ ಆ್ಯಪ್ ಇರಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಮಳೆ ಬಂದ ಮೇಲೆ ನಮ್ಮ ಎರೆ ಮಣ್ಣಿನಲ್ಲಿ ಕಾರು ಸಿಕ್ಕಿಬೀಳುತ್ತದೆ, ಹುಲ್ಲು ಬೆಳೆದು ಪ್ಲಾಟಿನ ಕಲ್ಲುಗಳೂ ಕಾಣುವುದಿಲ್ಲ. ಆಫೀಸಿನವರು ಆಗಾಗ ಹೋಗಿ ಕಲ್ಲುಗಳಿಗೆ ಬಣ್ಣ ಹೊಡೆದು ನಂಬರ್ ಬರೆಸಬೇಕು. ಎರೆ ಮಣ್ಣು ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವುದರಿಂದ ಪಾಯದ ಖರ್ಚು ಜಾಸ್ತಿ ಬರುತ್ತದೆ. ಅದನ್ನು ಮುಚ್ಚಿಡದೆ ಹೇಳಲು ಏಜೆಂಟರಿಗೆ ಕಲಿಸಿ.

7. ಬಿಟ್ಟು ಹೋಗುವವರ ಲೆಕ್ಕ

ಏಜೆಂಟ್ ಆಫೀಸ್ ಬಿಡುವಾಗ ಅವನ ಹೆಸರಲ್ಲಿರುವ ಪಾರ್ಟಿಗಳ ಪಟ್ಟಿ ರಿಜಿಸ್ಟರ್ ನೋಡಿ ಮಾಡಿ. ಇಸಾರು ಆಗಿ ರಿಜಿಸ್ಟ್ರೇಷನ್ ಬಾಕಿ ಇರುವ ಪ್ಲಾಟುಗಳಿಗೆ ಅವನ ಪಾಲು ಮುಂದೆಯೂ ಸಿಗುತ್ತದೆ ಅಂತ ಬರೆದು ಕೊಡಿ. ಕಾಗದಪತ್ರದ ಫೈಲ್‌ಗಳು ಮಾತ್ರ ಆಫೀಸಿನಲ್ಲೇ ಉಳಿಯಬೇಕು, ಆಸ್ತಿ ಮಾಲೀಕರ ದಾಖಲೆಗಳ ಫೋಟೋ ಅವನ ಫೋನಿನಲ್ಲಿದ್ದರೆ ಅಳಿಸಿಸಿ.